ಬಗ್ಗದ ಕೋಟು

ಕೂರುವುದೆಂದರೆ ಕೆಲಸವಿಲ್ಲದಿರುವುದು ಎಂದು ನಮ್ಮ ಜನ ತಿಳಿದಿದ್ದಾರೆ. ಈ ಅಜ್ಞಾನವನ್ನು ನಾನು ಬಹಳ ವರ್ಷಗಳಿಂದ ಖಂಡಿಸುತ್ತ ಬಂದಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಮೆಟ್ರೋದಲ್ಲಿ ನೋಡಿ: ಬೈಯಪ್ಪನಹಳ್ಳಿಯಲ್ಲಿ ಹತ್ತಿದ ಯುವಕ ಹಲಸೂರು ಬರುವುದರೊಳಗೆ ತಂತಿಯಿಂದ ಜಾರಿದ ಒದ್ದೆ ಪಂಚೆಯಂತೆ ಸೀಟಿನ ಮೇಲೆ ರಾಶಿಯಾಗಿರುತ್ತಾನೆ. ಕಚೇರಿಗಳಲ್ಲಿ ಗುಮಾಸ್ತರು ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ಕುಳಿತು, ನಮ್ಮ ಪ್ರಶ್ನೆಗೆ ಉತ್ತರ ಕೊಡದೆ ಕಳುಹಿಸುತ್ತಾರೆ. ಹಿಂದೆ ಶಾಲೆಗಳಲ್ಲಿ ಬೇರೇನೂ ಕಲಿಸದಿದ್ದರೂ "ನೆಟ್ಟಗೆ ಕೂತ್ಕೊಳ್ಳೋ" ಎಂಬ ಒಂದು ವಾಕ್ಯವನ್ನಾದರೂ ಬೆನ್ನಿನ ಮೇಲೆಯೇ ಬರೆದು ಕಲಿಸುತ್ತಿದ್ದರು. ಈಗ ಅದೂ ಇಲ್ಲ.

ಆದ್ದರಿಂದ ಚಂದ್ರಾಮಪ್ಪನೆಂಬ ದರ್ಜಿ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನೆಟ್ಟಗೆ ಕೂರಲು ಕಲಿತನೆಂದು ಕೇಳಿದಾಗ ನನಗೆ ಸಂತೋಷವಾಯಿತು. ಅವನು ಪಾಠದ ಅರ್ಧಕ್ಕೇ ಎದ್ದು ಬಂದಿದ್ದನೆಂದು ತಿಳಿದಾಗ ಆ ಸಂತೋಷವೂ ಅರ್ಧಕ್ಕೇ ಎದ್ದು ಹೋಯಿತು. ಅರ್ಧ ಪಾಠ ಒಂದು ಊರಿಗೆ ಏನೆಲ್ಲ ಮಾಡಬಲ್ಲದು ಎಂಬುದನ್ನು ಮುಂದಿನ ವೃತ್ತಾಂತದಿಂದ ತಿಳಿಯಬಹುದು.

ಚಂದ್ರಾಮಪ್ಪನ ಊರು ಜೇವರ್ಗಿಯ ಕಡೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ರಹೀಂ ಸಾಹೇಬರ ಹೊಲಿಗೆ ಅಂಗಡಿಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಕೋಟು ಹೊಲಿಯುತ್ತಿದ್ದಾನೆ. ವಾಸ ಕೆ.ಆರ್. ಪುರದಲ್ಲಿ, ಮುನಿರಾಜಪ್ಪನವರ ಸಾಲುಮನೆಗಳ ಕೊನೆಯ ಕೋಣೆಯಲ್ಲಿ, ಹೆಂಡತಿ ಯಂಕಮ್ಮನೊಡನೆ. ಇಪ್ಪತ್ತೆರಡು ವರ್ಷ ಮೆಷಿನ್ನಿನ ಮೇಲೆ ಬಗ್ಗಿದ ಫಲವಾಗಿ ಅವನ ಬೆನ್ನು ಕೊಡೆಯ ಹಿಡಿಯಂತಾಗಿತ್ತು. ನೋವು ತಾಳಲಾರದೆ ಒಂದು ಭಾನುವಾರ ಬೆಳಿಗ್ಗೆ ಇಂದಿರಾನಗರದ ಉದ್ಯಾನವೊಂದರಲ್ಲಿ ನಡೆದ ಉಚಿತ ಬೆನ್ನುನೋವು ಶಿಬಿರಕ್ಕೆ ಹೋದ.

ಅಲ್ಲಿ ಪಾಠ ಹೇಳಿದವಳು ಧನುಶ್ರೀ ಎಂಬ ಫಿಸಿಯೋಥೆರಪಿಸ್ಟ್. "ಕೂತ್ಕೊಳ್ಳೋದು ರೆಸ್ಟ್ ಅಲ್ಲ ಅಂಕಲ್, ಅದೂ ಕೆಲ್ಸಾನೇ" ಎಂದು ಆಕೆ ಆರಂಭಿಸಿದಳು. ಈ ಒಂದು ವಾಕ್ಯಕ್ಕಾಗಿ ಆ ಹುಡುಗಿಗೆ ರಾಜ್ಯ ಪ್ರಶಸ್ತಿ ಕೊಡಬೇಕು. ಬೆನ್ನುಮೂಳೆಯ ಎರಡು ಬದಿಗಳಲ್ಲಿ ಹಗ್ಗದಂತೆ ಎಳೆದು ನಿಂತಿರುವ ಸ್ನಾಯುಗಳು, ಹೊಟ್ಟೆಯ ಒಳಪದರದಲ್ಲಿ ನಡುಪಟ್ಟಿಯಂತೆ ಸುತ್ತಿರುವ ಸ್ನಾಯು, ಹೆಗಲ ಮೂಳೆಗಳನ್ನು ಹಿಂದಕ್ಕೆ ಹಿಡಿಯುವ ಸ್ನಾಯುಗಳು, ತಳಪಾಯವಾಗಿರುವ ಪೃಷ್ಠದ ಸ್ನಾಯುಗಳು, ಇವೆಲ್ಲ ದುಡಿದರೆ ಮಾತ್ರ ಮನುಷ್ಯ ಕೂತಿದ್ದಾನೆ ಎನ್ನಬಹುದು, ಇಲ್ಲವಾದರೆ ಅವನು ಬಿದ್ದಿದ್ದಾನೆ ಎಂದೇ ಅರ್ಥ ಎಂದು ವಿವರಿಸಿದಳು. ಕಿವಿ ಹೆಗಲ ಮೇಲೆ, ಹೆಗಲು ಸೊಂಟದ ಮೇಲೆ. ಚಂದ್ರಾಮಪ್ಪ ಪರವಶನಾಗಿ ಕೇಳಿದ.

ಅಷ್ಟರಲ್ಲಿ ಚಹಾ ಬಂತು. ಚಂದ್ರಾಮಪ್ಪನ ಊರಿನಲ್ಲಿ ಭಜನೆಯಾಗಲಿ, ಪಂಚಾಯಿತಿಯಾಗಲಿ, ಚಹಾ ಬಂತೆಂದರೆ ಕಾರ್ಯಕ್ರಮ ಮುಗಿಯಿತೆಂದೇ ಲೆಕ್ಕ. ಆಮೇಲೆ ಕುಳಿತಿರುವವನನ್ನು ಎರಡನೆಯ ಲೋಟಕ್ಕೆ ಕಾದವನೆಂದು ಆಡಿಕೊಳ್ಳುತ್ತಾರೆ. ಆದ್ದರಿಂದ ಅವನು ಗೌರವಯುತವಾಗಿ ಚಹಾ ಕುಡಿದು, ಎಲ್ಲರಿಗೂ ಶರಣು ಹೇಳಿ, ಎದ್ದು ಬಂದ.

ಚಹಾದ ನಂತರ ಧನುಶ್ರೀ ಹೇಳಿದ್ದು ಇದು: ಎಷ್ಟೇ ಒಳ್ಳೆಯ ಭಂಗಿಯಾದರೂ ಅರ್ಧ ಗಂಟೆಗೊಮ್ಮೆ ಬದಲಿಸಬೇಕು. ಸ್ನಾಯು ಕಲ್ಲುಕಂಬವಲ್ಲ, ದಣಿಯುತ್ತದೆ. ಅಭ್ಯಾಸವಿಲ್ಲದವರು ಐದೈದು ನಿಮಿಷದಿಂದ ಶುರುಮಾಡಬೇಕು. ಬಗ್ಗುವುದಕ್ಕೂ ಬೆನ್ನಿಗೆ ಹಕ್ಕಿದೆ.

ಇಷ್ಟನ್ನು ಬಿಟ್ಟು ಉಳಿದುದೆಲ್ಲವನ್ನೂ ಹೊತ್ತುಕೊಂಡು ಚಂದ್ರಾಮಪ್ಪ ಮನೆಗೆ ಬಂದ. ಅಂದು ರಾತ್ರಿಯ ಊಟಕ್ಕೆ ಅವನು ಗೋಡೆಗೆ ಒರಗದೆ, ತಲೆ ತಗ್ಗಿಸದೆ, ತುತ್ತನ್ನು ಬಾಯಿಯ ಮಟ್ಟಕ್ಕೆ ಎತ್ತಿ ಉಣ್ಣತೊಡಗಿದಾಗ ಯಂಕಮ್ಮ ಸೌಟು ಕೆಳಗಿಟ್ಟಳು.

"ಯಾಕ್ರೀ ಹಂಗ ಕುಂತೀರಿ? ಯಾರರ ಫೋಟೋ ತೆಗೀಲಾಕ ಬರ್ತಾರೇನು?"

"ಇದು ಸರಿಯಾಗಿ ಕುಂದ್ರೂದು. ಹೊಟ್ಟ್ಯಾಗ ಒಂದು ಪಟ್ಟಿ ಅದಂತ. ಅದು ಎಚ್ಚರ ಇರಬೇಕು."

"ಇಪ್ಪತ್ತೈದು ವರ್ಷ ಆತು ನಾ ನಿಮ್ಮನ್ನ ಎಬ್ಬಸ್ಲಾಕತ್ತಿ. ನೀವ ಎಚ್ಚರಾಗಿಲ್ಲ, ಪಟ್ಟಿ ಎಲ್ಲಿ ಎಚ್ಚರಾಗ್ತದ?" ಎಂದಳು ಯಂಕಮ್ಮ.

ತಾನು ನೆಟ್ಟಗಾದವನು ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಹೊಸದಾಗಿ ಸನ್ಮಾರ್ಗಕ್ಕೆ ಬಂದವರು ಅನ್ಯರನ್ನು ಸುಮ್ಮನೆ ಬಿಡುವುದಿಲ್ಲ. ಅಂಗಡಿಗೆ ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ ಚಂದ್ರಾಮಪ್ಪ, "ಎದಿ ಎತ್ರಿ, ಹೊಟ್ಟಿ ಒಳಗ ತಗೋರಿ, ಹೆಗಲು ಹಿಂದ" ಎಂದು ಕವಾಯತು ಮಾಡಿಸತೊಡಗಿದ. ಮೂರನೆಯ ದಿನ ರಹೀಂ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆಯುವುದು ಬೈಯುವುದಕ್ಕೆ ಮೊದಲು ಮಾತ್ರ.

"ಅರೇ ಚಂದ್ರಾಮ್, ನಾವು ಟೈಲರ್‌ಗಳು. ಮೇಲಿನವನು ಕೊಟ್ಟ ಬೆನ್ನನ್ನ ರಿಪೇರಿ ಮಾಡೋದು ನಮ್ಮ ಕೆಲ್ಸ ಅಲ್ಲ, ಅದನ್ನ ಮುಚ್ಚೋದಷ್ಟೇ ನಮ್ಮ ಕೆಲ್ಸ. ನಮ್ಮ ಅಬ್ಬಾ ಏನ್ ಕಲ್ಸಿದ್ರು? ಟೇಪ್ ಹಿಡಿದು ನಾಪ್ ತಗೊಳ್ವಾಗ ಗಿರಾಕಿ ಹತ್ರ ಮಾತಾಡ್ತಾ ಇರು. ಅವನ ಮಾವನ ಮನೆ ವಿಷ್ಯ ಕೇಳು. ಮಾವನ್ನ ಬೈತಾ ಬೈತಾ ಮನುಷ್ಯ ತನ್ನ ಮೈಯನ್ನ ಮರೀತಾನೆ, ಆಗ ಅವನ ಅಸಲಿ ಬೆನ್ನು ಆಚೆ ಬರುತ್ತೆ. ಟೇಪು ಹಾಕೋದು ಆವಾಗ!"

"ಬೆನ್ನು ತಪ್ಪಿದ್ರೂ ಹಂಗೇ ಹೊಲೀಬೇಕೇನ್ರೀ ಸಾಹೇಬ್ರ?"

"ತಪ್ಪು ಬೆನ್ನಿಗೆ ಸರಿ ಕೋಟು. ಅದೇ ಹುನರು, ಅದೇ ಕೈಚಳಕ."

ಚಂದ್ರಾಮಪ್ಪ ಹೂಂ ಎಂದ, ಒಪ್ಪಲಿಲ್ಲ. ಒಂದು ದಿನ ತನ್ನದೇ ಅಂಗಡಿ ಇಟ್ಟಾಗ ಜನಕ್ಕೆ ಮೊದಲು ಬೆನ್ನು, ಆಮೇಲೆ ಕೋಟು ಎಂದು ಮನಸ್ಸಿನಲ್ಲೇ ಬೋರ್ಡು ಬರೆದ. ಇಪ್ಪತ್ತೆರಡು ವರ್ಷಗಳಿಂದ ಅವನ ಆಸೆ ಅದೊಂದೇ: ಸ್ವಂತ ಮೆಷಿನ್ನು, ಸ್ವಂತ ಬಾಗಿಲು.

ಆ ಬಾಗಿಲು ತೆರೆಯುವ ಸೂಚನೆ ಅದೇ ವಾರ ಕಾಣಿಸಿತು. ಮುನಿರಾಜಪ್ಪನವರಿಗೆ ಸನ್ಮಾನವೆಂದು ಗೊತ್ತಾಯಿತು.

ಮುನಿರಾಜಪ್ಪ ಹಳೆಯ ಊರಿನವರು. ಹನ್ನೆರಡು ಕೋಣೆಗಳ ಸಾಲುಮನೆಯೂ, ಮುಖ್ಯರಸ್ತೆಗೆ ಮುಖಮಾಡಿದ ಒಂದು ಮೂಲೆ ಮಳಿಗೆಯೂ ಅವರದು. ಆದರೆ ಒಡೆಯನ ಗತ್ತು ಎಳ್ಳಷ್ಟೂ ಇರಲಿಲ್ಲ. ಯಾರು ಎದುರಾದರೂ ಸೊಂಟದಿಂದ ಬಗ್ಗಿ, ಕೈಮುಗಿದು, "ಆಗ್ಲಿ ಅಣ್ಣ, ಆಗ್ಲಿ" ಎನ್ನುವರು. ಹಾಲಿನವನಿಗೂ ಹಾಗೆಯೇ, ಮೀಟರು ನೋಡಲು ಬಂದವನಿಗೂ ಹಾಗೆಯೇ. ವಿನಯ ಸದ್ಗುಣವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ವಿಳಾಸ ತಪ್ಪಿ ಬಂದ ಕೊರಿಯರಿನವನಿಗೆ ಬೇಡವೆನ್ನಲಾರದೆ ಯಾರದೋ ಮನೆಯ ಮಿಕ್ಸಿಯನ್ನು ಇಟ್ಟುಕೊಳ್ಳುವುದು ವಿನಯವಲ್ಲ.

ಈ ಬಾಗುವಿಕೆಯಿಂದ ಹೆಚ್ಚು ಲಾಭ ಪಡೆದವರು ಮಾಜಿ ಕಾರ್ಪೊರೇಟರ್ ಮುತ್ತುರಾಜ್. ಪಾಲಿಕೆ ಚುನಾವಣೆ ಬರುತ್ತದೆಂಬ ಸುದ್ದಿ ಎದ್ದಾಗಲೆಲ್ಲ ಅವರು ಬಂದು, "ಮುನಿರಾಜಣ್ಣ, ಆಫೀಸ್‌ಗೆ ಮಳಿಗೆ ಬೇಕಲ್ಲ" ಎನ್ನುವರು. ಇವರು "ಆಗ್ಲಿ ಅಣ್ಣ" ಎಂದು ಬಗ್ಗಿ ಬೀಗದ ಕೈ ಕೊಡುವರು. ಚುನಾವಣೆ ಬರುತ್ತಿರಲಿಲ್ಲ. ಮಳಿಗೆಯೂ ತಿಂಗಳುಗಟ್ಟಲೆ ಹಿಂದಕ್ಕೆ ಬರುತ್ತಿರಲಿಲ್ಲ. ಸದ್ಯಕ್ಕೆ ಅದು ಖಾಲಿ ಇತ್ತು.

ಊರಿನ ಕನ್ನಡ ಸಂಘ ರಾಜ್ಯೋತ್ಸವದಂದು ಮುನಿರಾಜಪ್ಪನವರನ್ನು ಸನ್ಮಾನಿಸಲು ನಿರ್ಧರಿಸಿತು. ಏಕೆಂದು ಯಾರೂ ಕೇಳಲಿಲ್ಲ. ಸಂಘ ಕೇಳಿದಾಗಲೆಲ್ಲ ಶಾಮಿಯಾನಕ್ಕೆ ಜಾಗ ಬಿಟ್ಟುಕೊಟ್ಟವರು ಅವರು, ಅಷ್ಟೇ ಸಾಕು. ಅವರ ಪತ್ನಿ ಶಾಂತಕುಮಾರಿಯವರು, "ಈ ಸಲವಾದ್ರೂ ಮನುಷ್ಯನ ಥರ ಕಾಣ್ಬೇಕು, ಒಂದು ಜೋಧಪುರಿ ಕೋಟು ಹೊಲಿಸ್ರಿ" ಎಂದು ಗಂಡನನ್ನು ಕೊನೆಯ ಕೋಣೆಗೆ ಕರೆತಂದರು.

"ನೋಡಪ್ಪ ಚಂದ್ರಾಮಪ್ಪ, ಕೋಟು ಚೆನ್ನಾಗ್ ಬಂದ್ರೆ ಆ ಮೂಲೆ ಮಳಿಗೆ ನಿಂಗೇ ಬಾಡಿಗೆಗೆ ಕೊಟ್ಬಿಡ್ತೀನಿ. ಅಂಗಡಿ ಇಟ್ಕೊ" ಎಂದರು ಮುನಿರಾಜಪ್ಪ.

ಅವರು ಹೋದ ಮೇಲೆ ಯಂಕಮ್ಮ, "ಅವರು ಎಲ್ಲಾರಿಗೂ ಆಗ್ಲಿ ಅಂತಾರ. ನಾಳಿ ಮುತ್ತುರಾಜ್ ಬಂದು ಕೇಳಿದ್ರ ಅವಂಗೂ ಆಗ್ಲಿ" ಎಂದಳು. ಚಂದ್ರಾಮಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ಮಳಿಗೆಯಲ್ಲಿ ಕನ್ನಡಿ ಯಾವ ಗೋಡೆಗೆ ಹಾಕಬೇಕೆಂದು ನೋಡುತ್ತಿದ್ದ.

ಅಳತೆಯ ದಿನ ಅವನು ಮಾವನ ಮನೆಯ ವಿಷಯ ಎತ್ತಲಿಲ್ಲ. ಮುನಿರಾಜಪ್ಪನವರನ್ನು ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸಿದ. "ಹೊಟ್ಟಿ ಒಳಗ್ರೀ. ಇನ್ನಾ ಒಳಗ. ಗದ್ದ ಮ್ಯಾಲ. ಉಸಿರು ಹಿಡೀರಿ." ಆಜ್ಞೆ ಪಾಲಿಸುವುದರಲ್ಲಿ ಮುನಿರಾಜಪ್ಪನವರಿಗೆ ಸಮಾನರಿಲ್ಲ, ಅವರು ಹಿಡಿದ ಉಸಿರನ್ನು ಟೇಪು ಸುತ್ತಿ ಮುಗಿಯುವವರೆಗೆ ಬಿಡಲಿಲ್ಲ. ಹೀಗೆ ಅವರ ಬೆನ್ನು ಜನ್ಮದಲ್ಲಿ ಎರಡೇ ನಿಮಿಷ ತಾಳಿದ ಒಂದು ಆಕಾರಕ್ಕೆ ಕೋಟು ಕತ್ತರಿಸಲ್ಪಟ್ಟಿತು. ನೆಟ್ಟಗಿನ ಮೈಗೆ ಎದೆಯ ಕಡೆ ಬಟ್ಟೆ ಉದ್ದ, ಬೆನ್ನಿನ ಕಡೆ ಗಿಡ್ಡ. ಬಗ್ಗುವ ಮೈಗೆ ಇದು ತಿರುಗುಮುರುಗು. ಸಾಲದೆಂಬಂತೆ, ಮುಂದೆ ಬೇಕಾದರೆ ಬಿಚ್ಚಿ ಸಡಿಲಿಸಲೆಂದು ಹೊಲಿಗೆಯ ಒಳಗೆ ಬಿಡುವ ಬಟ್ಟೆಯನ್ನೂ ಅವನು ಬಿಡಲಿಲ್ಲ. ಸರಿಯಾದುದನ್ನು ಏಕೆ ಸಡಿಲಿಸಬೇಕು ಎಂಬುದು ಅವನ ವಾದ.

ಸನ್ಮಾನದ ಸಂಜೆ ಹಳದಿ ಕೆಂಪು ಬಾವುಟಗಳ ನಡುವೆ, ಶಾಮಿಯಾನದವರು ತಂದ ಸಿಂಹಾಸನದಲ್ಲಿ ಮುನಿರಾಜಪ್ಪನವರನ್ನು ಕೂರಿಸಿದರು. ಕೂತೊಡನೆ ಅಭ್ಯಾಸದಂತೆ ಮುಂದಕ್ಕೆ ಬಾಗಲು ಹೋದರು. ಬೆನ್ನಿನ ಹೊಲಿಗೆ ಹಿಂದಕ್ಕೆ ಜಗ್ಗಿತು. ಕೊರಳಪಟ್ಟಿ ಗಂಟಲನ್ನು ಹಿಡಿಯಿತು. ಅವರು ಥಟ್ಟನೆ ನೆಟ್ಟಗಾದರು. ಎರಡನೆಯ ಸಲವೂ ಹಾಗೆಯೇ. ಕೊರಳಿನ ಗುಂಡಿಗೆ ಕೈ ಹಾಕಿದರೆ ಮುಂದಿನ ಸಾಲಿನಲ್ಲಿದ್ದ ಶಾಂತಕುಮಾರಿಯವರು ಕಣ್ಣು ಬಿಟ್ಟರು. ಬೇರೆ ದಾರಿಯಿಲ್ಲದೆ ಮುನಿರಾಜಪ್ಪ ಕಿವಿ ಹೆಗಲ ಮೇಲೆ, ಹೆಗಲು ಸೊಂಟದ ಮೇಲೆ ಇಟ್ಟುಕೊಂಡು ಕುಳಿತರು. ಹಿಂದಿನ ಸಾಲಿನಲ್ಲಿ ಚಂದ್ರಾಮಪ್ಪನ ಕಣ್ಣು ಆನಂದದಿಂದ ತುಂಬಿತು.

ಅರ್ಧ ಗಂಟೆ ಕಳೆಯಿತು. ಭಾಷಣಕಾರರು ಇನ್ನೂ ಕದಂಬರ ಕಾಲದಲ್ಲಿದ್ದರು. ಅರವತ್ತು ವರ್ಷ ಕೆಲಸವಿಲ್ಲದೆ ಮಲಗಿದ್ದ ಮುನಿರಾಜಪ್ಪನವರ ಬೆನ್ನಿನ ಸ್ನಾಯುಗಳು ಒಂದೇ ಸಂಜೆಗೆ ಇಷ್ಟು ದುಡಿಮೆಯನ್ನು ನಿರೀಕ್ಷಿಸಿರಲಿಲ್ಲ. ಅವು ಗಡಗಡ ನಡುಗತೊಡಗಿದವು. ದಣಿದ ಸ್ನಾಯು ನಡುಗುವುದು ಶರೀರಶಾಸ್ತ್ರ. ಆದರೆ ಶರೀರಶಾಸ್ತ್ರ ಓದಿದವರು ಸಭೆಯಲ್ಲಿ ಯಾರಿದ್ದರು?

"ಅಯ್ಯೋ, ಮುನಿರಾಜಣ್ಣನ್ ನೋಡು ಯಂಕಮ್ಮ!" ಎಂದಳು ಹೂವಿನಂಗಡಿಯ ಅಣ್ಣಮ್ಮ. "ಕೋಪಕ್ಕೆ ಮೈಯೆಲ್ಲಾ ನಡುಗ್ತಾ ಇದೆ."

"ಕೋಪ ಯಾಕ ಬರ್ತದ? ಸನ್ಮಾನ ಮಾಡ್ಲಾಕತ್ತಾರಲ್ಲ?"

"ಪಕ್ಕದಲ್ಲಿ ಯಾರ್ ಕೂತಿರೋದು ನೋಡಮ್ಮ. ಮುತ್ತುರಾಜು! ಆ ಕಡೆ ಒಂದ್ಸಲ ತಿರುಗಿ ಕೂಡ ನೋಡಿಲ್ಲ."

ತಿರುಗಿ ನೋಡಲು ಕೊರಳಪಟ್ಟಿ ಬಿಡುತ್ತಿರಲಿಲ್ಲ ಎಂಬುದು ಅಣ್ಣಮ್ಮನಿಗೆ ಹೇಗೆ ತಿಳಿಯಬೇಕು? ಅವಳ ಮಾತು ಸಾಲಿನಿಂದ ಸಾಲಿಗೆ ಹೋಗಿ, ಕೊನೆಯ ಕುರ್ಚಿ ಮುಟ್ಟುವ ಹೊತ್ತಿಗೆ "ಮುನಿರಾಜಪ್ಪ ಈ ಸಲ ಎಲೆಕ್ಷನ್‌ಗೆ ನಿಲ್ತಾನಂತೆ" ಎಂದಾಗಿತ್ತು.

ಆಗ ಮಾಲಾರ್ಪಣೆ. ಮುತ್ತುರಾಜ್ ಗುಲಾಬಿಯ ಭಾರಿ ಹಾರವನ್ನು ಎತ್ತಿ ಹಿಡಿದರು. ಮುನಿರಾಜಪ್ಪ ಎದ್ದು ನಿಂತರು. ಅವರು ಆರಡಿ ಎತ್ತರದವರೆಂಬುದು ಆ ಗಳಿಗೆಯವರೆಗೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುತ್ತುರಾಜ್ ಐದಡಿಯ ಮೇಲೆ ಎರಡೇ ಅಂಗುಲ. ಹಾರ ಹಾಕಿಸಿಕೊಳ್ಳುವವರು ತಲೆ ಬಗ್ಗಿಸುವುದು ಪದ್ಧತಿ. ಹಾರ ಕಾಯಿತು. ತಲೆ ಬಗ್ಗಲಿಲ್ಲ.

"ಅಣ್ಣ, ಸ್ವಲ್ಪ ಬಗ್ಗಣ್ಣ" ಎಂದರು ಮುತ್ತುರಾಜ್, ನಗುತ್ತಲೇ.

ಮುನಿರಾಜಪ್ಪನವರ ಬಾಯಿಯಿಂದ "ಆಗ್..." ಎಂಬಷ್ಟು ಹೊರಟಿತು; ಉಳಿದುದನ್ನು ಕೊರಳಪಟ್ಟಿ ನುಂಗಿತು. ಕಣ್ಣು ಕೆಂಪಾಗಿ, ಮುಖ ಬಿಗಿದು, ಮೈ ನಡುಗುತ್ತ ಅವರು ನಿಂತೇ ಇದ್ದರು. ಮುತ್ತುರಾಜ್ ತುದಿಗಾಲಲ್ಲಿ ಎದ್ದರು. ಹಾರ ಮೂಗಿನವರೆಗೆ ಹೋಗಿ ಮರಳಿತು. ಕೊನೆಗೆ ಪ್ಲಾಸ್ಟಿಕ್ ಕುರ್ಚಿ ತರಿಸಿ, ಅದನ್ನು ಹತ್ತಿ ಹಾರ ಹಾಕಿದರು. ಸಭೆಯಲ್ಲಿ ಒಂದು ಶಿಳ್ಳೆ ಕೇಳಿತು, ಆಮೇಲೆ ನೂರು. ಮಾಜಿ ಕಾರ್ಪೊರೇಟರೊಬ್ಬರು ಕುರ್ಚಿ ಹತ್ತಿದ್ದನ್ನು ಊರು ಬಹಳ ಕಾಲದ ನಂತರ ನೋಡುತ್ತಿತ್ತು.

ಮರುದಿನ ಬೆಳಿಗ್ಗೆ ಮುತ್ತುರಾಜ್ ಕುರ್ಚಿ ಹತ್ತಿ ಹಾರ ಹಾಕುವ ಫೋಟೋ ಎಲ್ಲರ ಫೋನುಗಳಲ್ಲಿತ್ತು. ಹಾಲಿನವನು ಮುನಿರಾಜಪ್ಪನವರಿಗಿಂತ ಮೊದಲೇ ಕೈಮುಗಿದ. ಮೀಟರಿನವನು ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಬಂದ. ದೂರದ ನೆಂಟರೊಬ್ಬರು ಮಗಳ ಕೆಲಸಕ್ಕೆ ಶಿಫಾರಸು ಪತ್ರ ಬೇಡಿ ಬಂದು ಜಗಲಿಯ ಮೇಲೆ ಕುಳಿತರು. ಕೋಟು ಬಿಗಿಯಾಗಿತ್ತು ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಸನ್ಮಾನದ ಕೋಟಿನೊಳಗೆ ಸಿಕ್ಕಿಬಿದ್ದಿದ್ದೆ ಎಂದು ಹೇಳಲು ಶಾಂತಕುಮಾರಿಯವರು ಬಿಡಲಿಲ್ಲ.

ಮುನಿರಾಜಪ್ಪ ಚಂದ್ರಾಮಪ್ಪನನ್ನು ಕರೆಸಿದರು.

"ಏನ್ ಮಾಡಿಟ್ಯಪ್ಪ ನೀನು? ನಾಯಿ ಬೊಗಳಿದ್ರೂ ಕೈಮುಗಿಯೋನು ನಾನು. ಮುತ್ತುರಾಜ್ ಅಂಥೋನ್ನ ಎದುರು ಹಾಕ್ಕೊಂಡು ಈ ಊರಲ್ಲಿ ಬದುಕೋಕಾಯ್ತದಾ? ಇವತ್ತೇ ಕೋಟು ಸರಿ ಮಾಡು. ಅದನ್ನೇ ಹಾಕ್ಕೊಂಡು ಹೋಗಿ, ಊರೆಲ್ಲಾ ನೋಡೋ ಹಾಗೆ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ಮಳಿಗೆ ಮರ್ತ್‌ಬಿಡು."

ಚಂದ್ರಾಮಪ್ಪ ಕೋಟನ್ನು ತಿರುವಿ ಹಾಕಿ ಹೊಲಿಗೆ ನೋಡಿದ. ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ. ಬೆನ್ನನ್ನು ಸೀಳಿ ನಡುವೆ ಹೊಸ ಪಟ್ಟಿ ಸೇರಿಸಬೇಕು. ಅದಕ್ಕೆ ತೊಡಿಸಿಯೇ ಗುರುತು ಮಾಡಬೇಕು. ಅವನು ಒಡೆಯರಿಗೆ ಕೋಟು ತೊಡಿಸಿ, ಕೊರಳಿನಿಂದ ಸೊಂಟದವರೆಗೆ ಸಾಲಾಗಿ ಗುಂಡುಸೂಜಿಗಳನ್ನು ಚುಚ್ಚತೊಡಗಿದ. "ಅಲುಗಾಡಬ್ಯಾಡ್ರಿ, ಬಗ್ಗಿದ್ರ ಚುಚ್ತಾವ" ಎಂದು ಎಚ್ಚರಿಸಿದ.

ಹದಿನಾಲ್ಕನೆಯ ಸೂಜಿ ಹಾಕುವಾಗ ಗೇಟಿನಲ್ಲಿ ಕಾರು ನಿಂತಿತು. ಮುತ್ತುರಾಜ್ ಒಳಗೆ ಬಂದರು. ಚಂದ್ರಾಮಪ್ಪ ಗಾಬರಿಯಾಗಿ ಬಾಗಿಲ ಪರದೆಯ ಹಿಂದೆ ಸರಿದ.

"ಮುನಿರಾಜಣ್ಣ, ನೆನ್ನೆದು ಬಿಡು. ಎಲೆಕ್ಷನ್ ಹತ್ರ ಬರ್ತಿದೆ. ಮಳಿಗೆ ಬೀಗ ಕೊಡಣ್ಣ, ಯಾವಾಗ್ಲೂ ಥರ."

ಪರದೆಯ ಹಿಂದೆ ಚಂದ್ರಾಮಪ್ಪ ಕಣ್ಣು ಮುಚ್ಚಿದ. ಯಂಕಮ್ಮ ಹೇಳಿದ್ದು ನಿಜವಾಗುವ ಸಮಯ ಬಂದಿತ್ತು. ಮುನಿರಾಜಪ್ಪ ಕೈಮುಗಿದರು, ಹಳೆಯ ಪ್ರೀತಿಯಿಂದ ಸೊಂಟದಿಂದ ಬಗ್ಗಿದರು.

ಹದಿನಾಲ್ಕು ಸೂಜಿಗಳೂ ಒಟ್ಟಿಗೆ ತಮ್ಮ ಕರ್ತವ್ಯ ಮಾಡಿದವು.

ಮುನಿರಾಜಪ್ಪ ಬಿಲ್ಲಿನಿಂದ ಬಿಟ್ಟ ಬಾಣದಂತೆ ಆರಡಿಗೆ ಎದ್ದರು. ಮುಗಿದಿದ್ದ ಕೈಗಳು ಬೇರಾಗಿ ಎರಡೂ ಮುಷ್ಟಿಗಳಾದವು. ಕಣ್ಣು ಅರಳಿತು, ಹಲ್ಲು ಬಿಗಿಯಿತು. ಬಾಯಿ ಬಿಟ್ಟರೆ ಕೂಗು ಬರುತ್ತದೆಂದು ಅವರು ಬಾಯಿ ಬಿಡಲಿಲ್ಲ. ಮುತ್ತುರಾಜ್ ಎರಡು ಹೆಜ್ಜೆ ಹಿಂದೆ ಸರಿದರು.

"ಕೋಪ ಮಾಡ್ಕೋಬೇಡಣ್ಣ... ಸುಮ್ನೆ ಕೇಳ್ದೆ."

ಮುನಿರಾಜಪ್ಪ ಉಸಿರು ಬಿಡಲಿಲ್ಲ.

"ನಿಂಗೇ ಆಫೀಸ್‌ಗೆ ಬೇಕಾಗುತ್ತೆ ಅಂತ ನಂಗೆ ಹೊಳೀಲಿಲ್ಲ. ನಾನ್ ಬೇರೆ ಕಡೆ ನೋಡ್ಕೊತೀನಿ ಬಿಡಣ್ಣ."

ಕಾರು ಹೋಯಿತು. ಚಂದ್ರಾಮಪ್ಪ ಪರದೆಯ ಹಿಂದಿನಿಂದ ಸೂಜಿ ಕೀಳಲು ಬಂದ.

"ಏನಾಯ್ತೋ ಈಗ?" ಎಂದು ಮುನಿರಾಜಪ್ಪ ಮೆಲ್ಲಗೆ ಕೇಳಿದರು.

"ನೀವು ಇಲ್ಲ ಅಂದ್ರಿ ಯಜಮಾನ್ರ."

"ನಾನಾ? ನಾನ್ ಬಾಯೇ ಬಿಟ್ಟಿಲ್ವಲ್ಲ." ಅವರು ಗೋಡೆಯ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು. "ಅಷ್ಟೇನಾ ಇಲ್ಲ ಅನ್ನೋದು?"

ಒಳಗಿನಿಂದ ಶಾಂತಕುಮಾರಿಯವರು ಬಂದು ಮಳಿಗೆಯ ಬೀಗದ ಕೈಯನ್ನು ಚಂದ್ರಾಮಪ್ಪನ ಕೈಗೆ ಹಾಕಿದರು. "ತಗೊಂಡ್ ಹೋಗಪ್ಪ, ಇವ್ರು ಕೋಟು ಬಿಚ್ಚೋದ್ರೊಳಗೆ" ಎಂದರು.

ಅಂಗಡಿ ತೆರೆದು ಈಗ ಎರಡು ತಿಂಗಳಾಯಿತು. ರಹೀಂ ಸಾಹೇಬರು ಬಂದು ಕತ್ತರಿಯೊಂದನ್ನು ಕಾಣಿಕೆ ಕೊಟ್ಟು, ಕನ್ನಡಕ ತೆಗೆಯದೆಯೇ ಹೋದರು. ಯಂಕಮ್ಮ ಗಂಡನನ್ನು ಮತ್ತೊಂದು ಶಿಬಿರಕ್ಕೆ ಕರೆದೊಯ್ದು, ಎಲ್ಲರೂ ಏಳುವವರೆಗೆ ಅವನ ಚಹಾ ಲೋಟವನ್ನು ತಾನೇ ಹಿಡಿದುಕೊಂಡಿದ್ದಳು. ಈಗ ಅವನು ಅರ್ಧ ಗಂಟೆಗೊಮ್ಮೆ ಎದ್ದು ಮೈ ಮುರಿಯುತ್ತಾನೆ. ಬೆನ್ನುನೋವು ಬಹಳ ಮಟ್ಟಿಗೆ ಇಳಿದಿದೆ. ಪೂರ್ಣ ಪಾಠದ ಮಹಿಮೆ ಇದು. ಆದರೆ ಊರಿನವರು ಅಂಗಡಿಯ ಮುಂದೆ ಸಾಲು ನಿಂತಿರುವುದು ಅದಕ್ಕಲ್ಲ. ಬಾಸಿಗೆ ಇಲ್ಲ ಎನ್ನಲಾರದ ಗುಮಾಸ್ತನಿಗೂ, ಅತ್ತೆಗೆ ಇಲ್ಲ ಎನ್ನಲಾರದ ಅಳಿಯನಿಗೂ ಬೇಕಾಗಿರುವುದು ಒಂದೇ: ಮುನಿರಾಜಪ್ಪನವರ ಕೋಟಿನಂಥ ಕೋಟು. ಸ್ನಾಯು ಬೆಳೆಸಲು ಯಾರೂ ಸಿದ್ಧರಿಲ್ಲ, ಹೊಲಿಸಿಕೊಳ್ಳಲು ಎಲ್ಲರೂ ಸಿದ್ಧ.

ಕಳೆದ ಸೋಮವಾರ ಅಂಗಡಿ ತೆರೆಯುವ ಮೊದಲೇ ಒಬ್ಬರು ಬಂದು ನಿಂತಿದ್ದರು. ಮುತ್ತುರಾಜ್. ಅತ್ತಿತ್ತ ನೋಡಿ, ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿ ಹೇಳಿದರು:

"ಮುನಿರಾಜಣ್ಣಂದು ಇದೆಯಲ್ಲಪ್ಪ, ಅದೇ ಥರ ನಂಗೂ ಒಂದ್ ಹೊಲಿ. ಜನದ್ ಮುಂದೆ ಹಾಗ್ ನಿಲ್ಬೇಕು. ಆದ್ರೆ ಟಿಕೆಟ್ ಕೇಳೋಕೆ ಪಾರ್ಟಿ ಆಫೀಸ್‌ಗೆ ಹೋದಾಗ ಕಾಲ್‌ವರೆಗೂ ಬಗ್ಗೋಕಾಗ್ಬೇಕು."

ಚಂದ್ರಾಮಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡು ಗಂಭೀರವಾಗಿ ಯೋಚಿಸಿದ.

"ಒಂದ್ರಾಗ ಎರಡೂ ಆಗಂಗಿಲ್ರೀ ಅಣ್ಣಾರ. ಎರಡು ಕೋಟ ಹೊಲಿಸ್ಬೇಕಾಗ್ತದ."

"ಎರಡೂ ಹೊಲಿ."

"ಯಾವುದು ಮೊದ್ಲ ಬೇಕ್ರೀ?"

"ಬಗ್ಗೋದು" ಎಂದರು ಮುತ್ತುರಾಜ್. "ನಾಳೆ ಬೆಳಿಗ್ಗೇನೇ ಬೇಕು."